ಪಿಸ್ತೂಲಿನ ಸೈಟ್ ಮನೆಯಲ್ಲೇ ಬದಲಾಯಿಸಬಹುದಾ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ. ನನ್ನ ಹೆಸರಿನ ಲೈಸೆನ್ಸ್ ಮೇಲೆ .32 ಬೋರ್ (ನಳಿಕೆಯ ಒಳ ಅಳತೆ) ಪಿಸ್ತೂಲ್ ಇದೆ. ಐವತ್ತು ದಾಟಿದ ಮೇಲೆ ಮುಂದಿನ ಸೈಟ್, ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಮುಂದೆ ಇರುವ ಗುರುತು, ಮಸುಕಾಗಿ ಕಾಣುತ್ತಿದೆ. ಗುಂಡೂ ಗುರಿಗಿಂತ ಮೇಲೆ ಬೀಳುತ್ತಿದೆ. ಆನ್‌ಲೈನ್‌ನಲ್ಲಿ ಹೊಳೆಯುವ ಸೈಟ್ ತರಿಸಿ ನಾನೇ ಹಾಕಿಕೊಳ್ಳಬಹುದಾ?

ಉತ್ತರ: ಬೇಡ. ನಿಮ್ಮ ಕೈಯಲ್ಲಿರುವುದು ಕೋವಿ ಇಟ್ಟುಕೊಳ್ಳುವ ಲೈಸೆನ್ಸ್. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ರಿಪೇರಿಗೆ ಬೇರೆಯೇ ಲೈಸೆನ್ಸ್ ಬೇಕು. 2019ರ ತಿದ್ದುಪಡಿ ಬಂದ ಮೇಲೆ ಅದನ್ನು ಮೀರಿದರೆ ಕನಿಷ್ಠ 7 ವರ್ಷ ಜೈಲು. ಸೈಟ್ ಬದಲಾಯಿಸುವುದು ರಿಪೇರಿ ಹೌದೋ ಅಲ್ಲವೋ ಅಂತ ಕೋರ್ಟಿನಲ್ಲಿ ವಾದ ಮಾಡುವ ಪರಿಸ್ಥಿತಿ ಯಾಕೆ ತಂದುಕೊಳ್ಳಬೇಕು?

ಕಾನೂನು ಪಕ್ಕಕ್ಕಿಡಿ, ಕೆಲಸವೂ ಸುಲಭದ್ದಲ್ಲ. ಎಷ್ಟೋ ಪಿಸ್ತೂಲುಗಳಲ್ಲಿ ಸ್ಲೈಡ್‌ನ (ಮೇಲ್ಗಡೆ ಹಿಂದೆ-ಮುಂದೆ ಸರಿಯುವ ಲೋಹದ ಭಾಗ) ಮೇಲೆ ಅಡ್ಡಕ್ಕೆ ಒಂದು ತೋಡು ಕೊರೆದಿರುತ್ತಾರೆ. ಅದರ ಬಾಯಿ ಕಿರಿದು, ತಳ ಅಗಲ. ಸೈಟ್ ಅದರೊಳಗೆ ಬಿಗಿಯಾಗಿ ಕೂತಿರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅಲ್ಲಿ ತುಕ್ಕು ಹಿಡಿದರಂತೂ ಅಲ್ಲಾಡುವುದೇ ಇಲ್ಲ. ಸುತ್ತಿಗೆಯಲ್ಲಿ ಹೊಡೆದರೆ ಸ್ಲೈಡ್‌ಗೇ ಪೆಟ್ಟು. ಕೆಲವು ಪಿಸ್ತೂಲುಗಳಲ್ಲಿ ಹಿಂದಿನ ಸೈಟ್‌ನ ಕೆಳಗೇ ಫೈರಿಂಗ್ ಪಿನ್ (ಗುಂಡಿಗೆ ಬಡಿದು ಸಿಡಿಸುವ ಮೊಳೆ) ತಡೆಯುವ ಸೇಫ್ಟಿಯ ಪುಟ್ಟ ಸ್ಪ್ರಿಂಗ್ ಇರುತ್ತದೆ. ಸೈಟ್ ಸರಿದ ಕೂಡಲೇ ಅದು ಹಾರಿಹೋಗುತ್ತದೆ. ತಪ್ಪಾಗಿ ಕೂರಿಸಿದರೆ ಸೇಫ್ಟಿಯೇ ಕೆಲಸ ಮಾಡದೆ ಹೋಗಬಹುದು. ನನಗೆ ನಿಜವಾಗಿ ಭಯ ಇರುವುದು ಇಲ್ಲೇ.

ಇನ್ನು ಆನ್‌ಲೈನ್ ಸೈಟ್‌ಗಳು ಜಾಸ್ತಿ ಬರುವುದು 9 ಎಂಎಂ ಪಿಸ್ತೂಲುಗಳಿಗೆ. ನಮ್ಮಲ್ಲಿ ಅದು ನಿಷೇಧಿತ ಬೋರ್. ಸೈಟ್ ಕೂರುವ ತೋಡಿನ ಅಳತೆಯೂ ಕಂಪನಿಗೊಂದು ಥರ. ನಿಮ್ಮ .32ಗೆ ಅದು ಹೊಂದುವ ಸಾಧ್ಯತೆ ತೀರಾ ಕಡಿಮೆ.

ಗುಂಡು ಮೇಲೆ ಬೀಳುತ್ತಿರುವುದು ಸೈಟ್‌ನಿಂದಲೇನಾ ಅಂತ ಮೊದಲು ನೋಡಿ. ಅನುಮತಿ ಇರುವ ರೇಂಜ್‌ನಲ್ಲಿ ಕೈಗೆ ಮರಳುಚೀಲದ ಆಸರೆ ಕೊಟ್ಟು ಹೊಡೆಯಿರಿ. ಇನ್ನೊಬ್ಬ ಅನುಭವಿಯೂ ಹೊಡೆದು ನೋಡಲಿ. ಇಬ್ಬರದೂ ಒಂದೇ ಕಡೆ ಬಿದ್ದರೆ ಮಾತ್ರ ಸೈಟ್ ಮೇಲೆ ಅನುಮಾನ ಪಡಿ. ಸೈಟ್ ಎಷ್ಟು ಬದಲಾಗಬೇಕು ಅನ್ನುವ ಲೆಕ್ಕ ಹೀಗೆ: ಎರಡು ಸೈಟ್‌ಗಳ ನಡುವಿನ ಅಂತರವನ್ನು ಗುಂಡು ಗುರಿ ತಪ್ಪಿದ ಅಳತೆಯಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ; ಎಲ್ಲವೂ ಮಿಲಿಮೀಟರ್‌ನಲ್ಲಿರಲಿ. ಸೈಟ್‌ಗಳ ನಡುವೆ 150 ಮಿಲಿಮೀಟರ್ ಇದೆ, 15 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಮೇಲೆ ಬೀಳುತ್ತಿದೆ ಅಂದುಕೊಳ್ಳಿ. ಆಗ ಮುಂದಿನ ಸೈಟ್ 1 ಮಿಲಿಮೀಟರ್ ಎತ್ತರ ಆಗಬೇಕು. ಹೌದು, ಎತ್ತರವೇ. ಮುಂದಿನ ಸೈಟ್ ಎತ್ತರವಾದಷ್ಟೂ ಗುಂಡು ಕೆಳಕ್ಕೆ ಬರುತ್ತದೆ. ಹಿಂದಿನ ಸೈಟ್ ಮಾತ್ರ ಗುಂಡು ಯಾವ ಕಡೆ ಹೋಗಬೇಕೋ ಅದೇ ಕಡೆ ಸರಿಯಬೇಕು.

ಮಸುಕಿಗೆ ಮನೆಯಲ್ಲೇ ಮಾಡಬಹುದಾದ ಕೆಲಸ ಒಂದಿದೆ. ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆಯಿರಿ. ಸ್ಲೈಡ್ ಹಿಂದಕ್ಕೆ ಎಳೆದು ಚೇಂಬರ್ (ನಳಿಕೆಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಮುಂದಿನ ಸೈಟ್‌ನ ನಿಮ್ಮ ಕಡೆಯ ಮುಖವನ್ನು ಸ್ಪಿರಿಟ್‌ನಲ್ಲಿ ಒರೆಸಿ ಎಣ್ಣೆ ಪಸೆ ತೆಗೆಯಿರಿ. ಬೆಂಕಿಕಡ್ಡಿಯ ತುದಿಯಲ್ಲಿ ಬಿಳಿ ನೈಲ್ ಪಾಲಿಶ್ ಹಚ್ಚಿ. ಪೂರ್ತಿ ಒಣಗಿದ ಮೇಲೆ ಅದರ ಮೇಲೆ ಗಾಢ ಕಿತ್ತಳೆ. ಬಿಳಿ ಅಡಿಬಣ್ಣ ಇಲ್ಲದಿದ್ದರೆ ಕಿತ್ತಳೆ ಮಂಕಾಗುತ್ತದೆ. ಬೇಡವಾದರೆ ರಿಮೂವರ್‌ನಲ್ಲಿ ಒರೆಸಿದರಾಯಿತು. ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ, ಕೈ ಚಾಚಿದಷ್ಟು ದೂರ ಸ್ಪಷ್ಟವಾಗಿ ಕಾಣುವ ಕನ್ನಡಕ ಬೇಕು ಅಂತ ಕೇಳಿ. ಓದುವ ಕನ್ನಡಕ ಇದಕ್ಕೆ ಆಗುವುದಿಲ್ಲ.

ಇಷ್ಟಾದ ಮೇಲೂ ಬದಲಾಯಿಸಲೇಬೇಕು ಅನಿಸಿದರೆ ರಿಪೇರಿ ಲೈಸೆನ್ಸ್ ಇರುವ ಕೋವಿ ಅಂಗಡಿಗೆ ಹೋಗಿ. ಬೇರೆ ರಾಜ್ಯಕ್ಕೆ ಒಯ್ಯುವುದಾದರೆ ನಿಮ್ಮ ಲೈಸೆನ್ಸ್ ಎಲ್ಲೆಲ್ಲಿ ನಡೆಯುತ್ತದೆ ಅಂತ ಮೊದಲು ಓದಿಕೊಳ್ಳಿ. ಪಿಸ್ತೂಲ್ ಖಾಲಿ ಮಾಡಿ ಪೆಟ್ಟಿಗೆಯಲ್ಲಿಟ್ಟು ಒಯ್ಯಿರಿ. ಬಿಟ್ಟು ಬರುವುದಾದರೆ ನಂಬರ್ ಬರೆಸಿದ ರಸೀದಿ ಇಲ್ಲದೆ ಬರಬೇಡಿ. ಮೇಲಿನ ಲೆಕ್ಕದ ಚೀಟಿಯನ್ನೂ ಅವರ ಕೈಗೆ ಕೊಡಿ.