ದವಡೆಗೊಂದು ಚಂದ್ರಿಕೆ

ದವಡೆ ಮೂಳೆಯ ಗುಳಿ ತುಂಬಲೆಂದು ನಾವು 3ಡಿ ಮುದ್ರಣಯಂತ್ರದಲ್ಲಿ ಮುದ್ರಿಸುವ ರಂಧ್ರಭರಿತ ತುಣುಕನ್ನು ಯಾರ ಕೈಗೆ ಕೊಟ್ಟರೂ ಅವರು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿ ನೋಡುತ್ತಾರೆ; ಬಳಿಕ, ‘ಇದು ಮೂಳೆಯಷ್ಟು ಗಟ್ಟಿಯೇ?’ ಎಂದು ಕೇಳುತ್ತಾರೆ. ರೋಗಿಗಳು ಕೇಳಿದರೆ ನನಗೆ ಬೇಸರವಿಲ್ಲ. ಎಂಜಿನಿಯರುಗಳು, ಒಮ್ಮೊಮ್ಮೆ ನನ್ನದೇ ವೃತ್ತಿಯ ಶಸ್ತ್ರಚಿಕಿತ್ಸಕರು, ಅದನ್ನೇ ಕೇಳಿ, ‘ರಂಧ್ರಗಳನ್ನು ಸಣ್ಣದು ಮಾಡಿ, ಗಟ್ಟಿಯಾಗುತ್ತದೆ’ ಎಂದು ಸಲಹೆಯನ್ನೂ ಕೊಟ್ಟಾಗ ಮಾತ್ರ ತಾಳ್ಮೆ ತಪ್ಪುತ್ತದೆ.

ನಮ್ಮ ಮಿಶ್ರಣದಲ್ಲಿರುವುದು ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪಾಲಿಮರ್ ಮತ್ತು ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಸೆರಾಮಿಕ್ ಪುಡಿ. ಪಾಲಿಮರ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ನಳಿಕೆಯಿಂದ ಎಳೆಯಾಗಿ ಸಲೀಸಾಗಿ ಇಳಿಯುತ್ತದೆ, ಆದರೆ ನೀರನ್ನು ದೂರವಿಡುವ ಅದರ ಮೈ ಜೀವಕೋಶಗಳಿಗೆ ಅಷ್ಟಾಗಿ ಹಿಡಿಸದು. ಪುಡಿ ಹೆಚ್ಚಿದಷ್ಟೂ ಜೀವಕೋಶಗಳಿಗೆ ಹಿತ, ಮುದ್ರಣಯಂತ್ರಕ್ಕೆ ಸಂಕಟ: ಎಳೆ ಪೆಡಸಾಗಿ ಮುರಿಯುತ್ತದೆ, ನಳಿಕೆ ಕಟ್ಟಿಕೊಳ್ಳುತ್ತದೆ. ತೂಕದಲ್ಲಿ 80 ಭಾಗ ಪಾಲಿಮರ್‌ಗೆ 20 ಭಾಗ ಪುಡಿ ಎಂಬುದು ಅನೇಕರು ಬಳಸುವ ಹದ. (ನಮ್ಮ ವಿದ್ಯಾರ್ಥಿಯೊಬ್ಬ ಇಡೀ ವಾರದ ತುಣುಕುಗಳನ್ನು ಅಭ್ಯಾಸಬಲದಿಂದ, ಬಿಸಿ ಉಗಿಯಲ್ಲಿ ಸೂಕ್ಷ್ಮಾಣು ಕೊಲ್ಲುವ 121 ಡಿಗ್ರಿಯ ಆಟೋಕ್ಲೇವ್‌ಗೆ ಹಾಕಿ, ತಟ್ಟೆಯಲ್ಲಿ ದೋಸೆಯಂಥದ್ದೊಂದನ್ನು ಹೊರತೆಗೆದ. ಬೈಯಲು ಮನಸ್ಸಾಗಲಿಲ್ಲ.)

ಈಗ ರಂಧ್ರದ ವಿಷಯ. ಮುದ್ರಿತ ತುಣುಕು ಮೂಳೆಯಲ್ಲ, ಮೂಳೆಯಾಗಿ ಮಾರ್ಪಡುವುದೂ ಇಲ್ಲ. ಅದನ್ನು ಗುಳಿಯೊಳಗೆ ಕೂರಿಸಿದ ಕೂಡಲೇ ಅದರ ಸಂದುಗಳಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಮೂಲಕ ಸುತ್ತಲಿನ ಮೂಳೆಯಿಂದ ಹೊಸ ರಕ್ತನಾಳಗಳು ಒಳಗೆ ಚಾಚುತ್ತವೆ. ನಾಳಗಳ ಜೊತೆಜೊತೆಗೇ ಮೂಳೆ ಕಟ್ಟುವ ಜೀವಕೋಶಗಳು ಬರುತ್ತವೆ. ರಕ್ತನಾಳದಿಂದ ಒಂದೆರಡು ನೂರು ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದೂರವಿರುವ ಜೀವಕೋಶಕ್ಕೆ ಆಮ್ಲಜನಕ ತಲುಪುವುದು ಕಷ್ಟ. ಆದ್ದರಿಂದಲೇ ರಂಧ್ರಗಳು ಸಾಮಾನ್ಯವಾಗಿ 300 ಮೈಕ್ರಾನ್‌ಗಿಂತ ದೊಡ್ಡದಿರಲಿ ಎನ್ನುವುದು. ದೊಡ್ಡದಿದ್ದರೂ ಸಾಲದು, ಒಂದಕ್ಕೊಂದು ತೆರೆದುಕೊಂಡಿರಬೇಕು, ಏಕೆಂದರೆ ಬೀದಿಗೆ ಬಾಗಿಲಿದ್ದು ಒಳಕೋಣೆಗೆ ಬಾಗಿಲಿಲ್ಲದ ಮನೆಯಲ್ಲಿ ಒಳಗೆ ಯಾರೂ ಬಾಳಲಾರರು. ಇದನ್ನು ಮರೆತು ಗಟ್ಟಿಮಾಡಿದ ತುಣುಕಿನ ಹೊರಮೈಯಲ್ಲಿ ಒಂದು ಪದರ ಮೂಳೆ ಬೆಳೆದು, ನಡುಭಾಗ ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಅಗಿಯುವ ಭಾರವನ್ನು ಹೊರುವುದು ಹೊಸ ಮೂಳೆ ಬೆಳೆಯುವ ತಿಂಗಳುಗಳಲ್ಲಿ ಉಳಿದ ಮೂಳೆಯ ಕೆಲಸ, ಬೇಕಾದಲ್ಲಿ ಟೈಟಾನಿಯಂ ಪಟ್ಟಿಯ ಕೆಲಸ. ತುಣುಕು ತನ್ನ ಆಕಾರ ಕಳೆದುಕೊಳ್ಳದಿದ್ದರೆ ನಮಗೆ ಬಹುಮಟ್ಟಿಗೆ ಸಾಕು.

ಇದನ್ನು ಒಂದೇ ಸಲಕ್ಕೆ ಅರ್ಥಮಾಡಿಕೊಂಡವರು ರಾಮನಗರ ಕಡೆಯ, ರೇಷ್ಮೆ ಸಾಕುವ ಒಬ್ಬ ತಾಯಿ. ಕೆಳದವಡೆಯಲ್ಲಿ ನೀರುಗುಳ್ಳೆ (ಸಿಸ್ಟ್) ಆಗಿ ಬಂದಿದ್ದರು. ತುಣುಕನ್ನು ಅವರು ಒತ್ತಲಿಲ್ಲ, ಬೆಳಕಿಗೆ ಹಿಡಿದು ನೋಡಿದರು. ‘ಇದು ಚಂದ್ರಿಕೆ ತಾನೇ ಡಾಕ್ಟ್ರೇ? ಗೂಡು ಕಟ್ಟೋದು ಹುಳಾನೇ. ಜಾಗ ಸಾಲ್ದೆ ಒತ್ತೊತ್ತಾಗಿ ಬಿಟ್ರೆ ಜೋಡಿ ಗೂಡಾಗಿ ಕೂತ್ಕೊಳುತ್ತೆ, ನೂಲು ಬಿಚ್ಚಕ್ಕಾಗಲ್ಲ.’ ಚಂದ್ರಿಕೆ ಎಂದರೆ ರೇಷ್ಮೆಹುಳುಗಳನ್ನು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ. ಅಂದಿನಿಂದ ತರಗತಿಯಲ್ಲೂ ನಾನು ಚಂದ್ರಿಕೆ ಎಂದೇ ಹೇಳುತ್ತೇನೆ. ಅವರಿಗೆ ಮಾತ್ರ ಮುದ್ರಿತ ತುಣುಕಿನ ಅಗತ್ಯವೇ ಬೀಳಲಿಲ್ಲ. ಗುಳಿಯ ಗೋಡೆಗಳು ಉಳಿದಿದ್ದವು, ಮಾಮೂಲಿ ಮೂಳೆಹರಳು ಸಾಕಾಯಿತು.

ಹೋಲಿಕೆ ಒಂದೆಡೆ ಸೋಲುತ್ತದೆ. ಚಂದ್ರಿಕೆಯನ್ನು ತೊಳೆದು ಮುಂದಿನ ಬೆಳೆಗೆ ಇಡಬಹುದು, ನಮ್ಮದು ಮಾತ್ರ ಕರಗಿ ಜಾಗ ಬಿಡಬೇಕು, ಅದೂ ಹೊತ್ತಿಗೆ ಸರಿಯಾಗಿ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಪೂರ್ತಿ ಕರಗಲು ಎರಡು ಮೂರು ವರ್ಷ ಬೇಕು, ಆದರೆ ಕೃತಕ ಹಲ್ಲಿನ ಬೇರಾದ ಇಂಪ್ಲಾಂಟ್ ಕೂರಿಸುವ ವೈದ್ಯರು ಸಾಮಾನ್ಯವಾಗಿ ನಾಲ್ಕಾರು ತಿಂಗಳಲ್ಲೇ ಮೂಳೆ ಕೇಳುತ್ತಾರೆ. ಹಲ್ಲಿನ ಸುತ್ತಲಿನ ಮೂಳೆಗಾಗಿ ಇದೇ ಪಾಲಿಮರ್‌ಗೆ ಶೇ. 4ರಷ್ಟು ಹೈಡ್ರಾಕ್ಸಿಅಪಟೈಟ್ ಎಂಬ ಮೂಳೆಯ ಖನಿಜ ಸೇರಿಸಿ ಮುದ್ರಿಸಿ ಒಬ್ಬ ರೋಗಿಗೆ ಇಟ್ಟ ಪ್ರಯೋಗದ ವರದಿ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷ ಎಲ್ಲವೂ ನೆಟ್ಟಗಿತ್ತು. 13ನೆಯ ತಿಂಗಳಲ್ಲಿ ಒಸಡು ಬಿರಿದು ತುಣುಕು ಹೊರಗೆ ಕಂಡಿತು, ಕೊನೆಗೆ ತೆಗೆಯಬೇಕಾಯಿತು. ಸೋಲನ್ನು ಮುಚ್ಚಿಡದೆ ಬರೆದ ಆ ತಂಡದ ಬಗ್ಗೆ ನನಗೆ ಗೌರವವಿದೆ. ಬಾಯಿ ಎಂದರೆ ಲಾಲಾರಸ ಮತ್ತು ಸೂಕ್ಷ್ಮಾಣುಗಳ ಮನೆ. ಅಲ್ಲಿ ಒಸಡಿನ ಹೊದಿಕೆ ಒಮ್ಮೆ ಹರಿದರೆ, ಒಳಗೆ ಕರಗದೆ ಕುಳಿತ ಪ್ಲಾಸ್ಟಿಕ್ ಸೋಂಕಿಗೆ ಆಸರೆಯಾಗುತ್ತದೆ.

ಪತ್ರಿಕೆಯಲ್ಲಿ ‘ಮುದ್ರಿತ ದವಡೆ’ಯ ಸುದ್ದಿ ಬಂದಾಗಲೆಲ್ಲ ಬಾಯಿಯ ಕ್ಯಾನ್ಸರ್‌ಗೆ ದವಡೆ ಕಳೆದುಕೊಂಡವರ ಮಕ್ಕಳು ಫೋನ್ ಮಾಡುತ್ತಾರೆ. ಅವರವರ ಸ್ಕ್ಯಾನ್ ನೋಡದೆ ಖಚಿತವಾಗಿ ಏನನ್ನೂ ಹೇಳಲಾರೆ. ಆದರೂ ವಿಕಿರಣ ಚಿಕಿತ್ಸೆಯಾದ ಮೂಳೆಯಲ್ಲಿ ರಕ್ತನಾಳಗಳೇ ಕುಗ್ಗಿರುತ್ತವೆ. ಚಂದ್ರಿಕೆ ಎಷ್ಟೇ ಸೊಗಸಾಗಿದ್ದರೂ ಅದನ್ನೇರಲು ಹುಳವೇ ಇರುವುದಿಲ್ಲ. ಅಂಥ ದೊಡ್ಡ ಅಂತರಕ್ಕೆ, ಕಾಲಿನ ಫಿಬುಲಾ ಮೂಳೆಯನ್ನು ಅದರ ರಕ್ತನಾಳದ ಸಮೇತ ತಂದು ಕತ್ತಿನ ನಾಳಗಳಿಗೆ ಹೊಲಿಯುವ ಶಸ್ತ್ರಚಿಕಿತ್ಸೆಯನ್ನೇ ನಾನು ಇಂದಿಗೂ ಮೊದಲು ಸೂಚಿಸುತ್ತೇನೆ.