ಮುಸೋರ್ಗ್ಸ್ಕಿ ರಾಕ್ ವೇದಿಕೆ ಹತ್ತಿದ ಬಗೆ

ವೀಣೆಯ ತಂತಿ ಮೀಟಿದ ಗಳಿಗೆಯಿಂದಲೇ ನಾದ ಕರಗತೊಡಗುತ್ತದೆ. ಹಾರ್ಮೋನಿಯಂನ ಮನೆ ಒತ್ತಿದರೆ ತಿದಿಯಲ್ಲಿ ಗಾಳಿ ಇರುವಷ್ಟು ಹೊತ್ತೂ ನಾದ ನಿಂತಿರುತ್ತದೆ. ಪಿಯಾನೊ ವೀಣೆಯ ಜಾತಿಗೆ ಸೇರಿದ್ದು, ಆರ್ಗನ್ ಹಾರ್ಮೋನಿಯಂ ಜಾತಿಗೆ. ಪಿಯಾನೊಗೆಂದು ಬರೆದ ಕೃತಿಯನ್ನು ರಾಕ್ ತಂಡವೊಂದು ಆರ್ಗನ್, ಸಿಂಥಸೈಜರ್, ಬಾಸ್ ಗಿಟಾರ್, ಡ್ರಮ್ಸ್‌ಗೆ ಒಗ್ಗಿಸಲು ಹೊರಟಾಗ ಮೊದಲು ಎದುರಾಗುವುದೇ ಈ ಭೇದ.

ರಷ್ಯದ ಸಂಗೀತ ರಚನಕಾರ ಮುಸೋರ್ಗ್ಸ್ಕಿ 1874ರಲ್ಲಿ, ತೀರಿಹೋದ ಗೆಳೆಯ ಹಾರ್ಟ್‌ಮನ್‌ನ ಚಿತ್ರಪ್ರದರ್ಶನದ ನೆನಪಿಗೆ ‘ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್’ ಎಂಬ ಪಿಯಾನೊ ಕೃತಿ ಬರೆದ. ಹತ್ತು ಚಿತ್ರಗಳು, ನಡುನಡುವೆ ನೋಡುಗ ಹೆಜ್ಜೆ ಹಾಕುವ ‘ಪ್ರಾಮನೇಡ್’. 1922ರಲ್ಲಿ ಫ್ರಾನ್ಸಿನ ರಚನಕಾರ ರಾವೆಲ್ ಇದನ್ನು ಆರ್ಕೆಸ್ಟ್ರಾಕ್ಕೆ ಅಳವಡಿಸಿದ. 1971ರ ಮಾರ್ಚ್ 26ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಸಿಟಿ ಹಾಲ್‌ನಲ್ಲಿ ಎಮರ್ಸನ್, ಲೇಕ್ ಆ್ಯಂಡ್ ಪಾಮರ್ ಎಂಬ ಮೂವರ ತಂಡ ತನ್ನ ರೂಪವನ್ನು ನುಡಿಸಿ ಧ್ವನಿಮುದ್ರಿಸಿತು. ಹತ್ತರಲ್ಲಿ ನಾಲ್ಕು ಚಿತ್ರಗಳನ್ನಷ್ಟೇ ಉಳಿಸಿಕೊಂಡು, ನಡುವೆ ತಮ್ಮದೇ ರಚನೆಗಳನ್ನು ಸೇರಿಸಿದರು. ಮುಸೋರ್ಗ್ಸ್ಕಿ ತೀರಿಕೊಂಡದ್ದು 1881ರಲ್ಲಾದ್ದರಿಂದ ಹಕ್ಕಿನ ತಕರಾರು ಇರಲಿಲ್ಲ.

ಎಮರ್ಸನ್ ಕೈಯಲ್ಲಿದ್ದ ಮುಖ್ಯ ವಾದ್ಯ ಹ್ಯಾಮಂಡ್ ಆರ್ಗನ್. ಅದರ ಸಿ-3 ಮಾದರಿಯಲ್ಲಿ 91 ಲೋಹದ ಚಕ್ರಗಳಿದ್ದು, ಒಂದೇ ಮೋಟಾರು ಅಷ್ಟನ್ನೂ ತಿರುಗಿಸುತ್ತದೆ. ಚಕ್ರದ ಅಂಚಿನ ಉಬ್ಬುತಗ್ಗುಗಳು ಅಯಸ್ಕಾಂತದ ಮುಂದೆ ಹಾಯುವಾಗ ತಂತಿಸುರುಳಿಯಲ್ಲಿ ವಿದ್ಯುತ್ತಿನ ಅಲೆ ಏಳುತ್ತದೆ. ಒಂದು ಕೀ ಒತ್ತಿದರೆ ಒಂಬತ್ತು ಸಂಪರ್ಕಗಳು ಕೂಡುತ್ತವೆ. ಯಾವ ಅಲೆ ಎಷ್ಟು ಬೆರೆಯಬೇಕೆಂಬುದನ್ನು 0ಯಿಂದ 8ರವರೆಗೆ ಎಳೆಯಬಹುದಾದ ಒಂಬತ್ತು ಡ್ರಾಬಾರ್‌ಗಳು ತೀರ್ಮಾನಿಸುತ್ತವೆ. ಬೆರಳು ಮೆಲ್ಲಗೆ ತಾಗಿದರೂ ಜೋರಾಗಿ ಬಡಿದರೂ ದನಿ ಅಷ್ಟೇ! ಪಿಯಾನೊದ ಮೃದು–ಗಡಸು ಇಲ್ಲಿ ಬೆರಳಿನಿಂದ ಹೊರಡುವುದಿಲ್ಲ, ಕಾಲಡಿಯ ಪೆಡಲ್‌ನಿಂದ ಹೊರಡಬೇಕು.

ಹಾಗಾದರೆ ಪಿಯಾನೊದ ಸುತ್ತಿಗೆ ತಂತಿಗೆ ಬಡಿಯುವ ಆ ಏಟು? ಅದನ್ನು ಕೊಡುವುದು ಒಂದು ದೋಷ. ಒಂಬತ್ತು ಸಂಪರ್ಕಗಳು ಒಂದೇ ಕ್ಷಣಕ್ಕೆ ಕೂಡುವುದಿಲ್ಲ; ಅಲೆಯ ನಡುವೆಯೇ ಎಲ್ಲೋ ಸೇರಿಕೊಂಡು ‘ಟಕ್’ ಎನ್ನುತ್ತವೆ. ತಯಾರಕರು ಇದನ್ನು ಅಡಗಿಸಲು ಹೆಣಗಿದರು, ರಾಕ್ ವಾದಕರಿಗೆ ಅದೇ ಬೇಕಾಯಿತು. ಇದಲ್ಲದೆ ‘ಪರ್ಕಷನ್’ ಎಂಬ ಸ್ವಿಚ್ಚೂ ಇದೆ: ಮೂಲ ಕಂಪನದ ಎರಡು ಅಥವಾ ಮೂರು ಪಟ್ಟಿನ ಒಂದು ಅಲೆಯನ್ನು ಮೊದಲಿಗೆ ಮೊಳಗಿಸಿ ಬೇಗ ಕರಗಿಸುತ್ತದೆ. ಆದರೆ ಒತ್ತಿದ ಎಲ್ಲ ಕೀಗಳನ್ನೂ ಬಿಟ್ಟ ಮೇಲೆಯೇ ಅದು ಮತ್ತೆ ಸಜ್ಜಾಗುವುದು. ಪಿಯಾನೊ ಅಭ್ಯಾಸವಿದ್ದವರು ಸ್ವರಕ್ಕೆ ಸ್ವರ ಅಂಟಿಸಿ ನುಡಿಸಿದರೆ ಮೊದಲ ಸ್ವರಕ್ಕೆ ಮಾತ್ರ ಏಟು ಬಿದ್ದು ಉಳಿದವು ಚಪ್ಪಟೆಯಾಗುತ್ತವೆ. ಪ್ರತಿ ಸ್ವರಕ್ಕೂ ಏಟು ಬೇಕಿದ್ದರೆ ಬಿಡಿಬಿಡಿಯಾಗಿಯೇ ನುಡಿಸಬೇಕು.

ಇನ್ನು ಶ್ರುತಿ. ಹ್ಯಾಮಂಡ್‌ನ ಮೋಟಾರು ಕರೆಂಟಿನ ಆವೃತ್ತಿಗೆ ಕಟ್ಟುಬಿದ್ದದ್ದು. ಅಮೆರಿಕದ 60 ಹರ್ಟ್ಜ್‌ಗೆ ಮಾಡಿದ ಆರ್ಗನ್ನನ್ನು ಬ್ರಿಟನ್ನಿನ 50 ಹರ್ಟ್ಜ್‌ಗೆ ಹಾಗೆಯೇ ಜೋಡಿಸಿದರೆ ಇಡೀ ವಾದ್ಯ ಸುಮಾರು ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. ಬಯಲಿನ ಕಛೇರಿಯಲ್ಲಿ ಜನರೇಟರ್ 60ರ ಬದಲು 59 ಹರ್ಟ್ಜ್ ಕೊಟ್ಟರೂ 29 ಸೆಂಟ್ ತಗ್ಗುತ್ತದೆ (ಒಂದು ಸ್ವರಸ್ಥಾನಕ್ಕೆ 100 ಸೆಂಟ್). ಬಿರಡೆ ತಿರುಗಿಸಿ ಸರಿಪಡಿಸುವ ದಾರಿ ಇದರಲ್ಲಿ ಇಲ್ಲ, ಉಳಿದ ವಾದ್ಯಗಳೇ ಆರ್ಗನ್ನಿಗೆ ಶ್ರುತಿ ಸೇರಿಸಿಕೊಳ್ಳಬೇಕು.

ಅದರ ಪಕ್ಕದಲ್ಲೇ ನಿಂತಿದ್ದ ಮೂಗ್ ಸಿಂಥಸೈಜರ್‌ನ ಶ್ರುತಿ ಕದಡುತ್ತಿದ್ದದ್ದು ಕರೆಂಟಿನಿಂದಲ್ಲ, ಸೆಕೆಯಿಂದ. ಮೂಗ್‌ನಲ್ಲಿ ಸ್ವರದ ಎತ್ತರ ತೀರ್ಮಾನಿಸುವುದು ವೋಲ್ಟೇಜು: ಒಂದು ಸ್ಥಾಯಿಗೆ 1 ವೋಲ್ಟ್, ಒಂದು ಸ್ವರಸ್ಥಾನಕ್ಕೆ 83.3 ಮಿಲಿವೋಲ್ಟ್. ಈ ವೋಲ್ಟೇಜನ್ನು ಕಂಪನವಾಗಿಸುವುದು ಟ್ರಾನ್ಸಿಸ್ಟರ್. 25 ಡಿಗ್ರಿಯಲ್ಲಿ ಪ್ರತಿ 18 ಮಿಲಿವೋಲ್ಟ್‌ಗೆ ಅದರ ವಿದ್ಯುತ್ ಪ್ರವಾಹ ಇಮ್ಮಡಿಯಾಗುತ್ತದೆ. ಆ 18 ಎಂಬ ಅಂಕಿ ತಾಪಮಾನದೊಡನೆ, ಡಿಗ್ರಿಗೆ ಶೇ 0.33ರಂತೆ ಏರುತ್ತದೆ. ತಡೆಯುವ ವ್ಯವಸ್ಥೆ ಇಲ್ಲದಿದ್ದರೆ, ಶ್ರುತಿ ಹಿಡಿದ ಸ್ವರದಿಂದ ಮೂರು ಸ್ಥಾಯಿ ದೂರದ ಸ್ವರ ಒಂದು ಡಿಗ್ರಿಗೆ 12 ಸೆಂಟ್, ಐದು ಡಿಗ್ರಿಗೆ 60 ಸೆಂಟ್ ಜಾರುತ್ತದೆ. ತಾಪಕ್ಕೆ ತಕ್ಕಂತೆ ಬದಲಾಗುವ ರೆಸಿಸ್ಟರನ್ನು ಟ್ರಾನ್ಸಿಸ್ಟರ್‌ಗೆ ತಾಗಿಸಿ ಕೂರಿಸುವುದು ಇದಕ್ಕೆ ಮದ್ದು. ಅದಿದ್ದರೂ ವಾದ್ಯವನ್ನು ಮೊದಲೇ ಚಾಲೂ ಮಾಡಿ ಬಿಸಿ ಸ್ಥಿರವಾಗಲು ಬಿಡಬೇಕು. ಒಮ್ಮೆಗೆ ಒಂದೇ ಸ್ವರ ನುಡಿಸುವ ವಾದ್ಯವಾದ್ದರಿಂದ ಕೊನೆಯ ಚಿತ್ರ ‘ಗ್ರೇಟ್ ಗೇಟ್ಸ್ ಆಫ್ ಕೀವ್’ನ ದಪ್ಪ ಸ್ವರಗುಚ್ಛಗಳನ್ನು ಮೂಗ್‌ಗೆ ಒಪ್ಪಿಸುವಂತೆಯೇ ಇರಲಿಲ್ಲ.

ಆ ಗುಚ್ಛಗಳನ್ನು ಆರ್ಗನ್‌ನಲ್ಲಿ ಯಥಾವತ್ತಾಗಿ ನುಡಿಸಿ ಆಂಪ್ಲಿಫೈಯರ್ ಒರಟಾಗುವಷ್ಟು ದನಿ ಏರಿಸಿದರೆ ರಾಡಿಯಾಗುತ್ತದೆ. ಹೀಗೆ ಒರಟಾದ ಆಂಪ್ಲಿಫೈಯರ್ ಅಲೆಯ ತುದಿ ಕತ್ತರಿಸಿದಾಗ ಎರಡು ಸ್ವರಗಳ ಜೊತೆಗೆ ಅವುಗಳ ಕಂಪನಗಳ ವ್ಯತ್ಯಾಸವೂ ಒಂದು ಸ್ವರವಾಗಿ ಹುಟ್ಟುತ್ತದೆ. ಷಡ್ಜ 220 ಹರ್ಟ್ಜ್ ಎನ್ನಿ. ಕೀಬೋರ್ಡಿನ ಪಂಚಮ 329.63. ವ್ಯತ್ಯಾಸ 109.63, ಅಂದರೆ ಹೆಚ್ಚುಕಡಿಮೆ ಮಂದ್ರ ಷಡ್ಜ; ಅದು ದನಿಗೆ ಬಲ ಕೊಡುತ್ತದೆ. ಪಂಚಮದ ಬದಲು ಅಂತರ ಗಾಂಧಾರ ಹಿಡಿದರೆ 277.18, ವ್ಯತ್ಯಾಸ 57.18. ಒಪ್ಪಬೇಕಿದ್ದದ್ದು 55, ಅಂದರೆ ಎರಡು ಸ್ಥಾಯಿ ಕೆಳಗಿನ ಷಡ್ಜ. ಈ 67 ಸೆಂಟ್‌ನ ಅಪಶ್ರುತಿ ಆಳದಲ್ಲಿ ಗುರುಗುಡುತ್ತದೆ. ಹಾಗಾಗಿ ಮಂದ್ರದಲ್ಲಿ ಷಡ್ಜ–ಪಂಚಮಗಳನ್ನು ಮಾತ್ರ ಬಾಸ್‌ಗೆ ಬಿಟ್ಟು, ಗಾಂಧಾರವನ್ನು ಮೇಲಿನ ಸ್ಥಾಯಿಯಲ್ಲಿ ಶುಭ್ರ ದನಿಯಲ್ಲಿ ಇಡುವುದು ಒಳ್ಳೆಯದು.

ಎಲ್ಲವೂ ಗೆದ್ದಿತೆನ್ನಲಾರೆ. ‘ಓಲ್ಡ್ ಕ್ಯಾಸಲ್’ ಮೂಲದಲ್ಲಿ ನಿಧಾನದ, ದುಗುಡದ ಹಾಡು. ಪಿಯಾನೊದ ನಾದ ನಿಲ್ಲದು, ಆದ್ದರಿಂದ ಎಡಗೈ ಒಂದೇ ಸ್ವರವನ್ನು ತಂಬೂರಿಯ ಹಾಗೆ ಮತ್ತೆ ಮತ್ತೆ ಮೀಟುತ್ತಿರುತ್ತದೆ. ರಾವೆಲ್ ರಾಗವನ್ನು ಆಲ್ಟೊ ಸ್ಯಾಕ್ಸಫೋನಿಗೆ ಕೊಟ್ಟು ಆ ದುಗುಡ ಕಾಪಾಡಿದ. ಈ ಮೂವರು ಅದನ್ನು ಓಟವಾಗಿಸಿದರು. ನಿಲ್ಲುವ ನಾದ ಕೈಯಲ್ಲಿದ್ದೂ ಕೋಟೆಯ ಮೌನ ಹೋಯಿತು.

ತಾಳದ ವಿಷಯದಲ್ಲಿ ಮಾತ್ರ ಅವರ ಆಯ್ಕೆ ಚೊಕ್ಕ. ಪ್ರಾಮನೇಡ್‌ನಲ್ಲಿ 5 ಎಣಿಕೆ, ಬೆನ್ನಿಗೇ 6, ಮತ್ತೆ 5. ಖಂಡಛಾಪು ಬಲ್ಲವರಿಗೆ ಐದು ಹೊಸದಲ್ಲ, ಆದರೆ ಐದು–ಆರರ ಜೋಡಿ 11 ಆಗುತ್ತದೆ. ರಾಕ್ ಡ್ರಮ್ಸ್ ಒಂದು ಬಿಟ್ಟು ಒಂದು ಎಣಿಕೆಗೆ ಸ್ನೇರ್ ಎಂಬ ಚುರುಕು ದನಿಯ ಡ್ರಮ್ ಬಡಿಯುವುದರಿಂದ, ಬೆಸ ಸಂಖ್ಯೆಯ ಈ ಸುತ್ತಿನಲ್ಲಿ ಏಟು ಪ್ರತಿ ಸಲವೂ ತಿರುಗುಮುರುಗಾಗುತ್ತದೆ; ರಾಗದ ಒತ್ತು ಒಂದೆಡೆ, ಡ್ರಮ್ ಒಂದೆಡೆ. ಮೊದಲ ಪ್ರಾಮನೇಡ್‌ಗೆ ಅವರು ಡ್ರಮ್ಸ್ ಹಾಕಲೇ ಇಲ್ಲ. ಎಮರ್ಸನ್ ಅದನ್ನು ಸಿಟಿ ಹಾಲ್‌ನ ಪೈಪ್ ಆರ್ಗನ್‌ನಲ್ಲೇ ನುಡಿಸಿದ. ಆ ಆರ್ಗನ್ ಇದ್ದದ್ದು ವೇದಿಕೆಗಿಂತ ಎತ್ತರದಲ್ಲಿ. ಅಲ್ಲಿಂದ ಇಳಿದು ಅವನು ಹ್ಯಾಮಂಡ್ ಮುಟ್ಟುವವರೆಗೆ ಪಾಮರ್ ಸ್ನೇರ್ ಡ್ರಮ್ಮನ್ನು ಉರುಳಿಸುತ್ತಲೇ ಇರುತ್ತಾನೆ.