ಧ್ವನಿತಂತು ನೋಡುವ ಅಲ್ಟ್ರಾಸೌಂಡ್: ಇಎನ್‌ಟಿ ಪೋಸ್ಟಿಂಗ್ ಟಿಪ್ಪಣಿ

ಕಾರವಾರದಲ್ಲಿ ಇಎನ್‌ಟಿ ಪೋಸ್ಟಿಂಗ್‌ಗೆ ಬರುವ ಜೂನಿಯರ್‌ಗಳಿಗಾಗಿ ಬರೆದದ್ದು. ಕತ್ತಿನ ಮೇಲೆ ಪ್ರೋಬ್ (ಶಬ್ದದ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಹಿಡಿಯುವ ಭಾಗ) ಇಡುವ ಮುಂಚೆ ಕೇಳಿಕೊಳ್ಳಬೇಕಾದದ್ದು ಒಂದೇ: ಎರಡೂ ಧ್ವನಿತಂತು ಒಂದೇ ಥರ ಆಡುತ್ತಿವೆಯಾ? ಇದಕ್ಕೆ ಅಲ್ಟ್ರಾಸೌಂಡ್ ಚೆನ್ನಾಗಿ ಉತ್ತರ ಕೊಡುತ್ತದೆ. ತಂತಿನ ಬಗ್ಗೆ ಬೇರೆ ಏನು ಕೇಳಿದರೂ ತಡವರಿಸುತ್ತದೆ.

ಜಾಸ್ತಿ ಬಳಕೆ ಥೈರಾಯ್ಡ್ ಆಪರೇಷನ್ನಿನಲ್ಲಿ. ತಂತು ಆಡಿಸುವ ರಿಕರೆಂಟ್ ಲ್ಯಾರಿಂಜಿಯಲ್ ನರ ಆ ಗ್ರಂಥಿಯ ಹಿಂದೆಯೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಆ ಕಡೆಯ ತಂತು ನಿಂತುಬಿಡಬಹುದು. ಆಪರೇಷನ್ನಿಗೆ ಮೊದಲೂ ನೋಡಿ, ಆಮೇಲೂ ನೋಡಿ. ಮೊದಲು ನೋಡಿರದಿದ್ದರೆ ತೊಂದರೆ ಯಾವಾಗಿನದು ಅಂತ ಹೇಳುವುದು ಹೇಗೆ? ಎಡಗಡೆಯ ನರ ಎದೆಗಿಳಿದು, ಮಹಾಪಧಮನಿಯನ್ನು ಬಳಸಿ ಮೇಲೆ ಬರುತ್ತದೆ. ಆಪರೇಷನ್ನೇ ಆಗದವರಲ್ಲಿ ಎಡ ತಂತು ನಿಂತಿದ್ದರೆ ಎದೆಯನ್ನೂ ಪರೀಕ್ಷೆ ಮಾಡಿಸಬೇಕು.

ರೋಗಿಯನ್ನು ಅಂಗಾತ ಮಲಗಿಸಿ. ಕತ್ತು ಸ್ವಲ್ಪ ಹಿಂದಕ್ಕೆ ಬಾಗಿರಲಿ. 7ರಿಂದ 15 ಮೆಗಾಹರ್ಟ್ಜ್‌ನ ಲೀನಿಯರ್ (ಚಪ್ಪಟೆ ಮುಖದ) ಪ್ರೋಬ್ ತೆಗೆದುಕೊಳ್ಳಿ, ಜೆಲ್ ಧಾರಾಳವಾಗಿ ಹಾಕಿ, ಗಂಟಲಮಣಿಯ ಮೇಲೆ ಅಡ್ಡಲಾಗಿ ಇಡಿ. ಪರದೆಯಲ್ಲಿ ಹಂಚಿನ ಮಾಡಿನ ಹಾಗೆ ಎರಡೂ ಕಡೆ ಇಳಿದು ಕಾಣುವುದು ಥೈರಾಯ್ಡ್ ಮೃದ್ವಸ್ಥಿ (ಗ್ರಂಥಿಯಲ್ಲ, ಗಂಟಲಮಣಿಯ ಮೆದು ಮೂಳೆ). ಅದರೊಳಗೆ ಬೆಳ್ಳಗೆ ಎದ್ದು ಕಾಣುವುದನ್ನೇ ಧ್ವನಿತಂತು ಅಂದುಕೊಳ್ಳುವವರು ಬಹಳ. ಅದು ಸುಳ್ಳು ತಂತು, ಅಂದರೆ ನಿಜವಾದ ತಂತಿನ ಮೇಲಿರುವ ಮಡಿಕೆ, ಕೊಬ್ಬಿರುವುದರಿಂದ ಬಿಳಿ. ನಿಜವಾದ ತಂತು ಕಪ್ಪಗಿರುತ್ತದೆ, ಒಳ ಅಂಚಿನಲ್ಲಿ ಸಣ್ಣ ಬಿಳಿ ಗೆರೆ. ಪ್ರೋಬನ್ನು ಸ್ವಲ್ಪ ಕೆಳಮುಖ ಮಾಡಿದರೆ ಸಿಗುತ್ತದೆ.

ಈಗ ಸುಮ್ನೆ ಉಸಿರಾಡಲು ಹೇಳಿ, ತಂತುಗಳು ದೂರವಾಗುತ್ತವೆ. ಉದ್ದಕ್ಕೆ ‘ಈ’ ಅನ್ನಿಸಿ, ನಡುವೆ ಬಂದು ಸೇರುತ್ತವೆ. ಕೊಂಕಣಿ ಮಾತ್ರ ಬರುವ ಅಜ್ಜಿಗೂ ನೀವೇ ಒಮ್ಮೆ ‘ಈ’ ಅಂದು ತೋರಿಸಿದರೆ ಸಾಕು. ತಂತು ಸರಿಯಾಗಿ ಕಾಣದಿದ್ದರೆ ಹಿಂದಿರುವ ಅರಿಟಿನಾಯ್ಡ್‌ಗಳ (ತಂತಿನ ಹಿಂದಿನ ತುದಿ ಅಂಟಿರುವ ಪುಟ್ಟ ಮೃದ್ವಸ್ಥಿಗಳು) ಚಲನೆ ನೋಡಿ. ಪ್ರೋಬ್ ಓರೆಯಾದರೂ ಒಂದು ಕಡೆ ಕಡಿಮೆ ಆಡಿದ ಹಾಗೆ ಕಾಣುತ್ತದೆ. ಮೊದಲು ನಿಮ್ಮ ಕೈ ಸರಿಯಿದೆಯಾ ನೋಡಿಕೊಂಡು ಆಮೇಲೆ ವರದಿ ಬರೆಯಿರಿ.

ಹೆಂಗಸರಲ್ಲಿ, ಮಕ್ಕಳಲ್ಲಿ ಚಿತ್ರ ಸುಲಭ. ವಯಸ್ಸಾದ ಗಂಡಸರಲ್ಲಿ ಮೃದ್ವಸ್ಥಿಗೆ ಸುಣ್ಣ ಕಟ್ಟಿ, ಅದರ ನೆರಳು ಎಲ್ಲವನ್ನೂ ಮುಚ್ಚುತ್ತದೆ. ಅವರಿಗೆ ಪಕ್ಕದಿಂದ ನೋಡಲು ಯತ್ನಿಸಿ. ಆಗಲೂ ಕಾಣದಿದ್ದರೆ ಒದ್ದಾಡಬೇಡಿ, ಎಂಡೋಸ್ಕೋಪಿಗೆ ಕಳಿಸಿ.

ಶಿರಸಿ, ಹೊನ್ನಾವರ ಕಡೆಯ ಯಕ್ಷಗಾನದ ಭಾಗವತರೊಬ್ಬರು ದನಿ ಒಡೆದಿದೆ ಅಂತ ಬಂದರೆ? ಮಾತಾಡುವಾಗಲೇ ತಂತು ಸೆಕೆಂಡಿಗೆ 100ಕ್ಕೂ ಹೆಚ್ಚು ಸಲ ಕಂಪಿಸುತ್ತದೆ, ಏರುದನಿಯ ಪದದಲ್ಲಿ ಇನ್ನೂ ಜಾಸ್ತಿ. ಅಷ್ಟು ವೇಗ ನಮ್ಮ ಮಾಮೂಲಿ ಯಂತ್ರಕ್ಕೆ ಸಿಗುವುದಿಲ್ಲ. ತಂತಿನ ಮೇಲಿನ ಸಣ್ಣ ಗಂಟೂ ತಪ್ಪಿಹೋಗಬಹುದು. ಅವರಿಗೆ ಬೇಕಾದದ್ದು ಸ್ಟ್ರೋಬೋಸ್ಕೋಪಿ, ಅಂದರೆ ಮಿನುಗುವ ಬೆಳಕಿನಲ್ಲಿ ಕಂಪನವನ್ನು ನಿಧಾನವಾಗಿ ಕಾಣಿಸುವ ಎಂಡೋಸ್ಕೋಪಿ.

ತಂತು ಬಿಟ್ಟು ನುಂಗುವುದನ್ನು ನೋಡಲು ಕಾನ್ವೆಕ್ಸ್ (ಉಬ್ಬು ಮುಖದ) ಪ್ರೋಬನ್ನು ಗಲ್ಲದಡಿ ಉದ್ದಕ್ಕೆ ಇಡಬೇಕು. ದವಡೆಗೂ ಹಯಾಯ್ಡ್ ಮೂಳೆಗೂ (ನಾಲಿಗೆಯ ಬುಡದ ಕಮಾನಿನಂಥ ಮೂಳೆ) ಒಂದೊಂದು ಕಪ್ಪು ನೆರಳು ಬೀಳುತ್ತದೆ. ಒಂದು ಚಮಚ ಗಂಜಿ ನುಂಗಿಸಿದರೆ ಹಯಾಯ್ಡ್ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಎಷ್ಟು ಸರಿಯಿತು ಅಂತ ಅಳೆಯಬಹುದು. ಆದರೆ ಗಂಜಿ ಶ್ವಾಸನಾಳಕ್ಕೆ ಇಳಿಯಿತಾ ಅನ್ನುವುದು ಇದರಲ್ಲಿ ನಂಬುವ ಹಾಗೆ ಕಾಣುವುದಿಲ್ಲ, ಗಾಳಿ ಶಬ್ದದ ಅಲೆಯನ್ನು ವಾಪಸ್ ಕಳಿಸಿಬಿಡುತ್ತದೆ. ಪಾರ್ಶ್ವವಾಯು ಆದವರಿಗೆ ಇದೊಂದನ್ನೇ ನೋಡಿ ‘ಊಟ ಕೊಡಿ’ ಅಂತ ಬರೆಯಬೇಡಿ.

ಮತ್ತೆ, ಯಂತ್ರ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ (ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ) ನೋಂದಣಿಯಾಗಿರಬೇಕು. ಗಂಟಲು ತಾನೇ ಅಂತ ಸಣ್ಣ ಯಂತ್ರವನ್ನು ಬ್ಯಾಗಿಗೆ ಹಾಕಿಕೊಂಡು ಜೋಯಿಡಾದ ಕ್ಯಾಂಪಿಗೆ ಹೊರಡುವ ಹಾಗಿಲ್ಲ. ಮೊದಲು ರೇಡಿಯಾಲಜಿಯವರನ್ನು ಕೇಳಿ.